ಬರಿ ಇಲ್ಲದವನು

ನಾನು ಶಾಲೆ ಬಿಟ್ಟದ್ದು ೧೯೭೪ರಲ್ಲಿ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅದಕ್ಕೆ ಎರಡು ವರ್ಷ ಹಿಂದೆ ಆಫ್ರಿಕಾದ ಕಂಪಾಲಾದಲ್ಲಿ ಇದ್ದದ್ದನ್ನೆಲ್ಲ, ಅಲ್ಲಿನ ಸರಕಾರ ಭಾರತೀಯರನ್ನು ಓಡಿಸಿದಾಗ, ಬಿಟ್ಟು ಅಪ್ಪನ ಊರಾದ ಕಾಪುವಿಗೆ ಬಂದಿದ್ದೆವು. ನಾನು ಹುಟ್ಟಿದ್ದು ಅಲ್ಲಿ, ಕಲಿತದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡ ಅಕ್ಷರ ಬಾರದೆಂದು, ಮೀಸೆ ಚಿಗುರುವ ಪ್ರಾಯದಲ್ಲಿ ನನ್ನನ್ನು ಸಣ್ಣ ಮಕ್ಕಳ ನಡುವೆ ಕೂರಿಸಿದರು. ಅದಕ್ಕಿಂತ ಮಲ್ಪೆಯಲ್ಲಿ ಬೋಟಿನ ಇಂಜಿನ್ ಬಿಚ್ಚುವುದು ಮರ್ಯಾದೆಯ ಕೆಲಸ ಎಂದು ಕಂಡಿತು. ಹತ್ತು ವರ್ಷದೊಳಗೆ ಸ್ವಂತ ಶೆಡ್ ಹಾಕಿದೆ. ತುಳುವಿನಲ್ಲಿ ಬೈಯಲೂ ಬೈಸಿಕೊಳ್ಳಲೂ ಕಲಿತೆ. ಊರಿನವನಾದೆ ಎಂದುಕೊಂಡೆ.

೧೯೮೪ರಲ್ಲಿ ಅತ್ತೆ, ಅಂದರೆ ಅಪ್ಪನ ತಂಗಿ, ಕಾರ್ಕಳದಲ್ಲಿ ಒಂದು ಹೆಣ್ಣು ನೋಡಿದರು. ನಮ್ಮ ತುಳುವರಲ್ಲಿ ಮದುವೆಯ ಮಾತಿಗೆ ಮೊದಲು ಬರಿ ಕೇಳುತ್ತಾರೆ. ಬರಿ ಎಂಬುದು ಕುಲದ ಬಳ್ಳಿ; ತಾಯಿಯಿಂದ ಮಕ್ಕಳಿಗೆ ಬರುವಂಥದ್ದು, ತಂದೆಯಿಂದಲ್ಲ. ಒಂದೇ ಬರಿಯವರು ಮದುವೆಯಾಗುವಂತಿಲ್ಲ. ನನ್ನ ಅಮ್ಮ ಗುಜರಾತಿನವಳು. ಅಪ್ಪ ಆಫ್ರಿಕಾದಲ್ಲಿ ಮೆಚ್ಚಿ ಮದುವೆಯಾದವಳು.

"ನಮ್ಮ ಬರಿಯನ್ನೇ ಹೇಳುವ. ಯಾರು ನೋಡ್ಲಿಕ್ಕೆ ಹೋಗ್ತಾರೆ?" ಎಂದರು ಅತ್ತೆ. ಅಮ್ಮನ ಕಡೆ ತಿರುಗಿ, "ಅತ್ತಿಗೆ, ಸೆರಗು ನಮ್ಮ ಹಾಗೆ ಹಾಕಿ. ಮಾತಾಡ್ಲಿಕ್ಕೆ ಹೋಗ್ಬೇಡಿ, ನಗಾಡಿದ್ರೆ ಸಾಕು" ಎಂದರು. ಅಮ್ಮ ಬಲ ಹೆಗಲಿನ ಸೆರಗನ್ನು ತೆಗೆದು ಎಡಕ್ಕೆ ಹಾಕಿಕೊಂಡಳು.

ಅಪ್ಪನೂ ಸೇರಿ ನಾವು ನಾಲ್ವರು ಹೋದೆವು. ಕಾರ್ಕಳದ ಮನೆಯಲ್ಲಿ ಹುಡುಗಿಯ ಸೋದರಮಾವನೇ ಹಿರಿಯರು. ಅತ್ತೆ ಹೇಳಿದ ಬರಿ ಕೇಳಿ ಅವರಿಗೆ ಖುಷಿಯಾಯಿತು. ತಿನ್ನಲು ಗೋಳಿಬಜೆ ಬಂತು. ಆಮೇಲೆ ಅವರು ಅಮ್ಮನಲ್ಲಿ, "ಅಕ್ಕ, ನಿಮ್ಮ ತಾಯಿಮನೆ ಯಾವ ಕಡೆ?" ಎಂದರು. ಅಮ್ಮ ನಕ್ಕಳು. ಮತ್ತೆ ಕೇಳಿದರು. ಮತ್ತೆ ನಕ್ಕಳು. ಆ ನಗು ನನಗೆ ತಡೆಯಲಾಗಲಿಲ್ಲ.

"ನನ್ನ ಅಮ್ಮ ಗುಜರಾತಿನವರು. ಅವರಿಗೆ ಬರಿ ಇಲ್ಲ. ನನಗೂ ಇಲ್ಲ" ಎಂದೆ.

"ಬರಿ ಇಲ್ಲದ ಜನ ಉಂಟಾ ಮಾರಾಯ? ನೀನೆಂತ, ತೆಂಗಿನ ಮರದಿಂದ ಬಿದ್ದದ್ದಾ?" ಎಂದರು ಸೋದರಮಾವ.

ಒಳಗೆ ಯಾರೋ ಕಿಸಕ್ಕನೆ ನಕ್ಕರು. ನಾವು ಎದ್ದೆವು.

ಮರಳುವ ಬಸ್ಸು ಬೆಳ್ಮಣ್ ದಾಟಿತು. "ಬಾಯಿ ಮುಚ್ಚಿ ಕೂತಿದ್ರೆ ನಿಂಗೆ ಎಂತ ಆಗ್ತಿತ್ತು ಮಗಾ?" ಎಂದರು ಅತ್ತೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ನಾನು ಮಾಡಿದ್ದನ್ನು ಇವನಾದ್ರೂ ಸರಿ ಮಾಡ್ತಾನೆ ಅಂತ ಇದ್ದೆ."

ಅಮ್ಮ ಮುಂದಿನ ಸೀಟಿನಲ್ಲಿದ್ದಳು. ತುಳು ಆಡಲು ತಡವರಿಸುತ್ತಿದ್ದಳೇ ಹೊರತು ಕೇಳಿದರೆ ಎಲ್ಲವೂ ತಿಳಿಯುತ್ತಿತ್ತು. ಅವಳು ಸೆರಗನ್ನು ಮೆಲ್ಲನೆ ಬಿಡಿಸಿ ಬಲ ಹೆಗಲಿಗೆ ಹಾಕಿಕೊಂಡಳು.

ಆಮೇಲೂ ಒಂದೆರಡು ಕಡೆ ಹೀಗೇ ಆಯಿತು. ಅಪ್ಪ ನನ್ನಲ್ಲಿ ಮಾತು ಕಡಿಮೆ ಮಾಡಿದರು. ಕೊನೆಗೆ ಆದಿ ಉಡುಪಿಯ ಒಂದು ಮನೆಯಲ್ಲಿ, ಒಬ್ಬಳೇ ಮಗಳನ್ನು ಸಾಕಿದ ವಿಧವೆ ತಾಯಿ ಕೇಳಿದ್ದು ಒಂದೇ: "ಕುಡೀತಾನಾ?" ಮದುವೆಯಾಯಿತು. ಅಮ್ಮ ತನ್ನ ಕ್ರಮದಲ್ಲೇ ಸೀರೆ ಉಟ್ಟು ಪಕ್ಕದಲ್ಲಿ ನಿಂತಳು. ಅಪ್ಪ ಬಂದರು, ಊಟಕ್ಕೆ ನಿಲ್ಲಲಿಲ್ಲ.

ಈಗ ನನಗೆ ಒಂದು ಶೆಡ್, ಒಂದು ಲೇತ್, ಮೂವರು ಕೆಲಸದವರು, ಒಂದು ಹೆಂಚಿನ ಮನೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮಕ್ಕಳಿಬ್ಬರಿಗೂ ಅವರ ತಾಯಿಯ ಬರಿ ಉಂಟು. ನನಗೆ ಇಲ್ಲ.