ಜಯಣ್ಣನ ಮನೆಯ ಲಾಬಿ

ಮಸ್ಕತ್‌ನ ದೊಡ್ಡ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೋಣೆಗಳನ್ನು ಅಣಿಗೊಳಿಸುವ ಕೆಲಸ ಮಾಡಿದ ಜಯಣ್ಣ ಊರಿಗೆ ಮರಳುವಾಗ ಎಲ್ಲರ ಹಾಗೆ ಸೆಂಟು, ಖರ್ಜೂರ, ಹಾಲಿನ ಪುಡಿ ತಂದರು. ಜೊತೆಗೆ ಹೋಟೆಲನ್ನೂ ತಂದರು. ಸೆಂಟು, ಖರ್ಜೂರಗಳು ಒಂದು ವಾರದೊಳಗೆ ನೆಂಟರಿಷ್ಟರಲ್ಲಿ ಹಂಚಿ ಮುಗಿದವು. ಹೋಟೆಲು ಮಾತ್ರ ಕುದ್ರೋಳಿಯ ಆ ಪುಟ್ಟ ತಾರಸಿ ಮನೆಯಲ್ಲಿ ಬಿಡಾರ ಹೂಡಿಬಿಟ್ಟಿತು.

ಅಲ್ಲಿಯವರೆಗೆ ಮನೆಯಲ್ಲಿದ್ದವರು ಹೆಂಡತಿ ದೇಯಿ ಮತ್ತು ಮಗಳು ನಿರೀಕ್ಷಾ. ಕದ್ರಿಯ ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುವ ನಿರೀಕ್ಷಾ ಬೆಳಿಗ್ಗೆ ಓಡುತ್ತಾ ಹೋಗಿ ಸಂಜೆ ಸುಸ್ತಾಗಿ ಬರುವವಳು. ಹಾಗಾಗಿ ಸೋಫಾದ ಮೇಲೆ ಒಗೆದ ಬಟ್ಟೆಯ ರಾಶಿ, ಟಿವಿಯ ಪಕ್ಕ ಬಾಚಣಿಗೆ, ಕಿಟಕಿಯ ಸರಳಿಗೆ ಒದ್ದೆ ಕೊಡೆ ಇರುವುದು ಇಬ್ಬರಿಗೂ ಸಹಜವಾಗಿತ್ತು. ಜಯಣ್ಣನೂ ರಜೆಯಲ್ಲಿ ಬಂದಾಗಲೆಲ್ಲ ಅದನ್ನು ನೋಡಿ ಸುಮ್ಮನಿದ್ದರು. ರಜೆಗೆ ಬಂದವರು ಅತಿಥಿಗಳು. ಅತಿಥಿ ದೂರು ಹೇಳಬಹುದು, ತಾನೇ ಸೋಫಾ ಓರಣ ಮಾಡಬಾರದು ಎಂಬುದು ಅವರು ಹೋಟೆಲಿನಲ್ಲೇ ಕಲಿತ ಶಿಸ್ತು.

ಈಗ ಅವರು ಅತಿಥಿಯಲ್ಲ. ಬಂದ ಮೊದಲ ಸೋಮವಾರವೇ ಹಾಲ್‌ಗೆ ‘ಲಾಬಿ’ ಎಂದು ನಾಮಕರಣವಾಯಿತು. ಹಳೆಯ ಸೋಫಾ ಹೋಗಿ ಕೆನೆಬಣ್ಣದ ಹೊಸದು ಬಂತು. ಅದರ ಮೇಲೆ ಸಾಲಾಗಿ ಕುಶನ್‌ಗಳು. ಪ್ರತಿಯೊಂದರ ನೆತ್ತಿಗೂ ಕೈಯಂಚಿನಿಂದ ಒಂದೇಟು ಹೊಡೆದು, ಎರಡು ಕಿವಿ ಎದ್ದು ನಿಲ್ಲುವ ಹಾಗೆ ಮಾಡುವುದು ಜಯಣ್ಣನ ಬೆಳಗಿನ ಪೂಜೆ. ಕುಶನ್‌ಗಳು ಕೂತ ಮೇಲೆ ಮನುಷ್ಯರಿಗೆ ಉಳಿಯುತ್ತಿದ್ದುದು ಗೇಣಗಲದ ಅಂಚು ಮಾತ್ರ.

“ಇದರಲ್ಲಿ ಕೂತ್ಕೊಳ್ಳುವುದು ಹೇಗೆ?” ಎಂದು ದೇಯಿ ಕೇಳಿದರು.

“ಗೆಸ್ಟ್ ಬಂದ್ರೆ ಕೂತ್ಕೊಳ್ತಾರೆ.”

“ಯಾವ ಗೆಸ್ಟ್? ನಮ್ಮಲ್ಲಿಗೆ ಬರುವುದು ಮುಮ್ತಾಝ್ ಒಬ್ಳು. ಅವಳು ಹಿಂದಿನ ಬಾಗಿಲಲ್ಲಿ ಬರುವವಳು.”

“ಲಾಬಿ ಸರಿ ಉಂಟು ಅಂತಾದ್ರೆ ಗೆಸ್ಟ್ ತನ್ನಷ್ಟಕ್ಕೆ ಬರ್ತಾರೆ ಮಾರಾಯ್ತಿ” ಎಂದರು ಜಯಣ್ಣ, ಮಳೆಗಾಲದ ಮೋಡ ನೋಡಿದ ರೈತನ ನಂಬಿಕೆಯಲ್ಲಿ.

ಮಲಗುವ ಕೋಣೆಯಲ್ಲಿ ದಿನಾ ಸಂಜೆ ಟವೆಲಿನಲ್ಲಿ ಮಾಡಿದ ಹಂಸವೊಂದು ಹಾಸಿಗೆಯ ಮೇಲೆ ಕತ್ತು ಕೊಂಕಿಸಿ ಕೂರತೊಡಗಿತು. ಮೊದಲ ದಿನ ದೇಯಿ ಅದರಲ್ಲಿ ತಲೆ ಒರೆಸಿಕೊಂಡು ಗಂಡನ ಮುಖ ಬಾಡಿದ್ದನ್ನು ಕಂಡರು. ಮರುದಿನದಿಂದ ತಲೆ ಒರೆಸುವ ತಮ್ಮ ಹಳೆಯ ಬೈರಾಸನ್ನು ಬಚ್ಚಲಿನ ಹಿಂದೆ ಅಡಗಿಸಿಟ್ಟರು. ಮೀನು ಹುರಿದ ವಾಸನೆ ಲಾಬಿಗೆ ಬರಬಾರದೆಂದು ಒಳಗಿನ ಅಡುಗೆಮನೆಯಲ್ಲಿ ಬಂಗುಡೆಗೆ ನಿಷೇಧ ಬಿತ್ತು. ಮನೆಯ ಹಿಂದೆ ಒಗೆಯುವ ಕಲ್ಲಿದ್ದಲ್ಲಿ ಜಯಣ್ಣ ಶೀಟು ಹೊದಿಸಿ ಒಂದು ವರ್ಕ್ ಏರಿಯಾ ಮಾಡಿಸಿದರು. ಅಲ್ಲಿಗೆ ಎರಡನೇ ಒಲೆ ಹೋಯಿತು, ಗ್ರೈಂಡರ್ ಹೋಯಿತು, ಮೀನು, ತರಕಾರಿ ಹೆಚ್ಚುವ ಮೆಟ್ಟುಕತ್ತಿ ಹೋಯಿತು. ಅವುಗಳ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳೂ, ಕುರ್ಚಿಗಳ ಹಿಂದೆ ದೇಯಿಯೂ ನಿರೀಕ್ಷಾಳೂ ಹೋದರು. ಮೂರು ತಿಂಗಳಲ್ಲಿ ಸಂಸಾರವೆಲ್ಲ ಶೀಟಿನ ಅಡಿಗೆ ಬಂದು, ಕಾಂಕ್ರೀಟಿನ ಅಡಿಯಲ್ಲಿ ಕುಶನ್‌ಗಳು ಸುಖವಾಗಿದ್ದವು.

ಜೂನ್ ಬಂತು. ಕುಶನ್‌ಗಳಿಗೂ ಬೂಷ್ಟು ಹಿಡಿಯಿತು. ಜಯಣ್ಣ ಅವುಗಳಿಗಾಗಿ ಎ.ಸಿ. ಹಾಕಿಸಿದರು. ಶೀಟಿನ ಅಡಿ ಬೆವರುತ್ತಾ ತೆಂಗಿನಕಾಯಿ ತುರಿಯುತ್ತಿದ್ದ ದೇಯಿಯನ್ನು ನೆರೆಮನೆಯ ಮುಮ್ತಾಝ್ ಕೇಳಿದಳು: “ದೇಯಕ್ಕಾ, ನೀವು ಎಂತಕ್ಕೆ ಏನೂ ಹೇಳುವುದಿಲ್ಲ?”

ದೇಯಿ ತುರಿದ ಕಾಯಿಯನ್ನು ಬದಿಗೆ ಸರಿಸಿದರು. “ಅಲ್ಲಿ ಅವರು ಮಲಗ್ತಾ ಇದ್ದದ್ದು ಎಂಟು ಜನರ ರೂಮಲ್ಲಿ, ಮೇಲಿನ ಮಂಚದಲ್ಲಿ. ದಿನಾ ಬೇರೆಯವರಿಗೆ ಹಾಸಿಗೆ ಹಾಸಿ ಹಾಸಿ, ಒಮ್ಮೆಯಾದ್ರೂ ಅಂಥ ಕಡೆ ಕೂತ್ಕೊಳ್ಳುವ ಅಂತ ಆಸೆ ಇರ್ಲಿಕ್ಕಿಲ್ವಾ?”

“ಹಾಗಾದ್ರೆ ಅವರು ಕೂತ್ಕೊಳ್ಳಬೇಕಲ್ಲ!”

ಅದೂ ನಿಜ. ಜಯಣ್ಣ ಒಮ್ಮೆಯೂ ಆ ಸೋಫಾದಲ್ಲಿ ಕೂತಿರಲಿಲ್ಲ. ಕೈಕಟ್ಟಿ ಗೋಡೆಯ ಪಕ್ಕ ನಿಂತು ನೋಡುತ್ತಿದ್ದರು.

ಕೊನೆಗೂ ಗೆಸ್ಟ್ ಬರುವ ಕಾಲ ಬಂತು. ನಿರೀಕ್ಷಾ ತನ್ನ ಕಚೇರಿಯ ಕೌಶಲ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಹುಡುಗಿ ಒಪ್ಪಿಯಾಗಿತ್ತು, ಜಾತಕವೂ ಕೂಡಿತ್ತು. ಇನ್ನು ಅವನ ತಾಯಿ ವಾರಿಜ ಮತ್ತು ಸೋದರಮಾವ ಬಂದು ಮನೆ ನೋಡುವುದಷ್ಟೇ ಬಾಕಿ.

“ಮನೆ ನೋಡುವುದು” ಎಂಬ ಮಾತು ಕೇಳಿ ಜಯಣ್ಣನಿಗೆ ವಾರವಿಡೀ ನಿದ್ರೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಪ್ಯಾಂಟು, ಕಪ್ಪು ಶೂ ಹಾಕಿ ಬಾಗಿಲಲ್ಲಿ ನಿಂತರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಬಿಸಿ ಹಬೆಯಾಡುವ, ಲಿಂಬೆಯ ಪರಿಮಳದ, ಬೆಳ್ಳಗೆ ಸುತ್ತಿಟ್ಟ ಸಣ್ಣ ಟವೆಲುಗಳು. ಬಂದವರು ಮುಖ ಒರೆಸಿಕೊಳ್ಳಲಿ ಎಂದು.

ವಾರಿಜ, ಸೋದರಮಾವನ ಜೊತೆ ಕೌಶಲ್ ಕೂಡ ಬಂದ. ಮಾವನಿಗೆ ಕಣ್ಣು ಸ್ವಲ್ಪ ಮಂದ. ಒಂದು ಸುರುಳಿ ಎತ್ತಿಕೊಂಡು ಸೋಫಾದ ಅಂಚಿನಲ್ಲಿ ಕೂತು, ಅದನ್ನು ಮೂಸಿ, “ಕಡುಬು ಒಳ್ಳೆ ಬಿಸಿ ಉಂಟು. ಚಟ್ನಿ ಉಂಟಾ?” ಎಂದರು.

ಯಾರೂ ನಗಲಿಲ್ಲ. ನಗುವಂಥ ಕೋಣೆ ಅದಾಗಿರಲಿಲ್ಲ. ಜಯಣ್ಣ ತಲೆಬಾಗಿ, “ಅದು ಫೇಸ್ ಟವೆಲ್ ಸಾರ್” ಎಂದು ಮೆಲ್ಲಗೆ ಹೇಳಿದರು. ಬೀಗರಾಗುವವರನ್ನು ಸಾರ್ ಎಂದದ್ದು ಕೇಳಿ ನಿರೀಕ್ಷಾ ನೆಲ ನೋಡಿದಳು.

ವಾರಿಜ ಕುಶನ್‌ಗಳಿಗೆ ಬೆನ್ನು ತಾಗದ ಹಾಗೆ ನೆಟ್ಟಗೆ ಕೂತಿದ್ದರು. ಎ.ಸಿ.ಯ ಗಾಳಿ ನೇರ ಮಾವನ ನೆತ್ತಿಗೆ ಬೀಸುತ್ತಿತ್ತು. ಅವರು ಕಡುಬಾಗದ ಟವೆಲನ್ನೇ ತಲೆಗೆ ಹೊದ್ದುಕೊಂಡರು. “ಮನೆ ಒಳ್ಳೆದುಂಟು” ಎಂದರು ವಾರಿಜ. “ಥ್ಯಾಂಕ್ಯೂ ಮ್ಯಾಡಮ್” ಎಂದರು ಜಯಣ್ಣ.

ವಾರಿಜ ಬಚ್ಚಲಿಗೆಂದು ಎದ್ದರು. ಒಳಗೆ ಕೈ ಒರೆಸೋಣವೆಂದರೆ ಅಲ್ಲೂ ಒಂದು ಹಂಸ ಕೂತಿತ್ತು. ಅದನ್ನು ಬಿಚ್ಚುವ ಧೈರ್ಯವಾಗದೆ ಸೆರಗಿಗೆ ಕೈ ಒರೆಸಿಕೊಂಡು ಹೊರಬಂದವರಿಗೆ ಎಲ್ಲಿಂದಲೋ ನಗುವಿನ ಸದ್ದು, ಅಂಜಲ್ ಮೀನು ಹುರಿಯುವ ಪರಿಮಳ. ಅದನ್ನೇ ಹಿಡಿದು ನಡೆದು ಹಿಂದಿನ ಬಾಗಿಲಿಗೆ ಬಂದರೆ, ದೇಯಿ ಕಾವಲಿಯ ಮುಂದೆ, ಮುಮ್ತಾಝ್ ಮೆಟ್ಟುಕತ್ತಿಯ ಮುಂದೆ.

“ಅಯ್ಯೋ, ಇಲ್ಲಿಗೆ ಯಾಕೆ ಬಂದ್ರಿ ಅಕ್ಕ? ಒಳಗೆ ಕೂತ್ಕೊಳ್ಳಿ, ಈಗ ತರ್ತೇನೆ” ಎಂದು ದೇಯಿ ಗಾಬರಿಯಾದರು.

“ಒಳಗೆ ಬೇಡ ಮಾರಾಯ್ರೆ. ಸ್ವಲ್ಪ ಉಸಿರು ಬಿಡ್ತೇನೆ.” ವಾರಿಜ ಮಣೆ ಎಳೆದು ಕೂತೇಬಿಟ್ಟರು. “ಮಸಾಲೆಗೆ ಯಾವ ಮೆಣಸು ಹಾಕಿದ್ದು?”

ಮೆಣಸಿನಿಂದ ಶುರುವಾದ ಮಾತು ಮೊಣಕಾಲು ನೋವಿಗೆ, ಅಲ್ಲಿಂದ ಮದುವೆ ಹಾಲ್‌ನ ಬಾಡಿಗೆಗೆ ಬಂತು. ತಾಯಿಯನ್ನು ಹುಡುಕುತ್ತಾ ಕೌಶಲ್ ಬಂದ. ಅವನ ಹಿಂದೆ ನಿರೀಕ್ಷಾ. ಕೊನೆಗೆ ತಲೆಗೆ ಟವೆಲು ಹೊದ್ದ ಮಾವ ಬಂದು ಒಗೆಯುವ ಕಲ್ಲಿನ ಮೇಲೆ ಕೂತು, ಮೊದಲ ತುಂಡು ಮೀನು ಬಾಯಿಗೆ ಹಾಕಿ, “ಇದು ಟವೆಲ್ ಅಲ್ಲ ತಾನೆ?” ಎಂದು ಕೇಳಿದರು. ಈ ಸಲ ಎಲ್ಲರೂ ನಕ್ಕರು.

ಒಳಗಿನ ಅಡುಗೆಮನೆಯಿಂದ ನಿಂಬೆಹೋಳು ತೇಲುವ ನೀರಿನ ಜಗ್ ಹಿಡಿದು ಲಾಬಿಗೆ ಮರಳಿದ ಜಯಣ್ಣನಿಗೆ ಕಂಡದ್ದು ಕುಶನ್‌ಗಳು ಮಾತ್ರ. ಹಿಂದಿನ ಬಾಗಿಲವರೆಗೆ ಬಂದು ಮರೆಯಲ್ಲಿ ನಿಂತರು. ಹಗ್ಗದಲ್ಲಿ ನೇತಾಡುವ ಬಟ್ಟೆಗಳ ಕೆಳಗೆ ಅಷ್ಟೂ ಜನ ಬೆವರುತ್ತಾ, ಕೈ ನೆಕ್ಕುತ್ತಾ, ಒಬ್ಬರ ಮಾತಿಗೆ ಒಬ್ಬರು ಅಡ್ಡಬರುತ್ತಾ ಕೂತಿದ್ದರು. ನಿಶ್ಚಿತಾರ್ಥದ ದಿನ ನಿಗದಿಯಾಗಿಬಿಟ್ಟಿತ್ತು. ಇಷ್ಟೊಂದು ಅತಿಥಿಗಳು ಬಂದಿದ್ದಾರೆ, ಯಾರೊಬ್ಬರೂ ತನ್ನ ಲಾಬಿಯಲ್ಲಿಲ್ಲ ಎನಿಸಿತು ಅವರಿಗೆ.

ಅಷ್ಟರಲ್ಲಿ ವಾರಿಜ ಹೇಳಿದರು: “ದೇಯಕ್ಕಾ, ನಿಮ್ಮ ಮನೆಯಲ್ಲಿ ಭಾರೀ ಲಾಯ್ಕ ಉಂಟಂದ್ರೆ ಈ ಜಾಗ.”

ದೇಯಿಗೆ ಬಾಗಿಲ ಮರೆಯ ಕಪ್ಪು ಶೂ ಕಂಡಿತು. “ಅದು ಇವರೇ ಮಾಡಿಸಿದ್ದು” ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಅದು ಸುಳ್ಳೂ ಅಲ್ಲ.

ಜಯಣ್ಣ ಬೆಳಕಿಗೆ ಬಂದರು. ದೇಯಿ ಕೊಟ್ಟ ಬಿಸಿ ತುಂಡನ್ನು ನಿಂತೇ ತಿಂದರು. ತಿನ್ನುತ್ತಾ ಶೀಟನ್ನು ನೋಡಿದರು, ಕಂಬ ನೋಡಿದರು, ಒಗೆಯುವ ಕಲ್ಲನ್ನು ಬಹಳ ಹೊತ್ತು ನೋಡಿದರು. ಗಂಡನಿಗೆ ಈಗ ಬುದ್ಧಿ ಬಂತು ಎಂದು ದೇಯಿ ತಿಳಿದರು. ಬಂದದ್ದು ಬುದ್ಧಿಯಲ್ಲ, ಐಡಿಯಾ.

ಮರುದಿನವೇ ವರ್ಕ್ ಏರಿಯಾಕ್ಕೆ ‘ಗಾರ್ಡನ್ ಕೆಫೆ’ ಎಂದು ಹೆಸರಾಯಿತು. ಶೀಟಿನ ಅಡಿಗೆ ಬಿದಿರಿನ ಚಾಪೆ, ಕಂಬಕ್ಕೆ ಸುತ್ತಿದ ಹಗ್ಗ, ಒಗೆಯುವ ಕಲ್ಲಿನ ಮೇಲೆ ಮಣ್ಣಿನ ಕುಡಿಕೆಯಲ್ಲಿ ಒಂಟಿ ಹೂ. ಪ್ಲಾಸ್ಟಿಕ್ ಕುರ್ಚಿಗಳು ಗುಜರಿಗೆ ಹೋದವು. ಲಾಬಿಯ ಕುಶನ್‌ಗಳೂ ಒಂದೊಂದಾಗಿ ಹಿಂದಕ್ಕೆ ವರ್ಗವಾದವು. ದೇಯಿ ಒಲೆಯನ್ನು ಒಳಗೆ ತಂದರು, ಮೆಟ್ಟುಕತ್ತಿಯನ್ನು ತಂದರು. ಜಯಣ್ಣನಿಗೆ ಈಗ ಮುಂಭಾಗ ನೋಡಲು ಪುರುಸೊತ್ತಿರಲಿಲ್ಲ.

ನಿಶ್ಚಿತಾರ್ಥದ ಮುಂಚಿನ ಶನಿವಾರ ಅವರು ಕೈಯಲ್ಲಿ ಬ್ರಷ್ ಹಿಡಿದು ಒಳಗೆ ಇಣುಕಿದರು. ಎ.ಸಿ. ತಣ್ಣಗೆ ಬೀಸುತ್ತಿತ್ತು. ನಿರೀಕ್ಷಾ ನೆಲದಲ್ಲಿ ಬಿದ್ದುಕೊಂಡು ಫೋನಿನಲ್ಲಿ ಕೌಶಲ್‌ನೊಂದಿಗೆ ಮಾತಾಡುತ್ತಿದ್ದಳು. ದೇಯಿ ಕೆನೆಬಣ್ಣದ ಸೋಫಾದ ನಟ್ಟನಡುವೆ ಕೂತು ಬಸಳೆ ಸೋಸುತ್ತಾ ಧಾರಾವಾಹಿ ನೋಡುತ್ತಿದ್ದರು.

“ದೇಯಿ, ಎರಡು ದಿನ ಯಾರೂ ಹಿಂದಿನ ಕೆಫೆಯಲ್ಲಿ ಕೂತ್ಕೊಳ್ಳಬೇಡಿ ಆಯ್ತಾ? ವಾರ್ನಿಶ್ ಒಣಗ್ಲಿಕ್ಕುಂಟು” ಎಂದರು ಜಯಣ್ಣ.

“ಇಲ್ಲಪ್ಪ, ನಾವು ಆ ಕಡೆ ಬರುವುದೇ ಇಲ್ಲ” ಎಂದು ದೇಯಿ ಎರಡೂ ಕಾಲನ್ನು ಸೋಫಾದ ಮೇಲಕ್ಕೆ ಎಳೆದುಕೊಂಡರು.