ವಾಪಸು ಕೇಳಿದ ಹೆಸರು

ತೆಂಗಿನಹಾಲು ಕುದಿದು ಕುದಿದು, ನೀರೆಲ್ಲ ಆರಿ, ಎಣ್ಣೆ ಮೇಲೆ ಬರುವ ಹೊತ್ತಿಗೆ ಒಂದು ಪರಿಮಳ ಏಳುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಸೀದದ್ದು. ಸೊಸೆ ಬಾಣಂತನಕ್ಕೆ ಬೆಳ್ತಂಗಡಿಯ ತವರಿಗೆ ಹೋಗಿದ್ದಾಳೆ. ಮೊನ್ನೆ ಮೊಮ್ಮಗಳ ಮೈಗೆ ಹಚ್ಚಲಿಕ್ಕೆಂದು ಆ ಎಣ್ಣೆ ಕಾಯಿಸುತ್ತಿದ್ದೆ. ಸೌಟು ಆಡಿಸುತ್ತಾ ನಿಂತವಳಿಗೆ ಪಕ್ಕದಲ್ಲಿ ಯಾರೋ “ಉರಿ ಸಣ್ಣ ಮಾಡು ಮಗಳೇ” ಎಂದ ಹಾಗಾಯಿತು. ಉರಿ ಸಣ್ಣ ಮಾಡಿದೆ. ಹಾಗೆ ಹೇಳುತ್ತಿದ್ದವರು ಹೋಗಿ ಎಷ್ಟೋ ವರ್ಷವಾಯಿತು...

ತೊಂಬತ್ತರ ದಶಕದಲ್ಲಿ ನಾವು ಬಂಟ್ವಾಳದ ಈ ಮನೆಗೆ ಬಾಡಿಗೆಗೆ ಬಂದೆವು. ನಾವು ಅಂದರೆ ನಾನು ಮತ್ತು ನನ್ನ ಹೊಟ್ಟೆಯಲ್ಲಿದ್ದ ಮಗು. ನಮ್ಮವರು ಮಸ್ಕತ್ತಿನಲ್ಲಿದ್ದರು. ಮದುವೆಯಾಗಿ ಎರಡು ತಿಂಗಳು ಜೊತೆಗಿದ್ದು ವಿಮಾನ ಹತ್ತಿದ ಗಂಡನ ಮುಖ ನೆನಪು ಮಾಡಿಕೊಳ್ಳಲಿಕ್ಕೆ ನಾನು ಕೆಲವೊಮ್ಮೆ ಆಲ್ಬಮ್ ತೆಗೆಯಬೇಕಾಗುತ್ತಿತ್ತು. ಫೋನ್ ಇದ್ದದ್ದು ಪಕ್ಕದ ಮನೆಯಲ್ಲಿ. ಅದು ಬ್ಯಾರಿಗಳ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರ ಮನೆ. ಅಲ್ಲಿದ್ದ ಹಿರಿಯ ಹೆಂಗಸನ್ನು ನಾನು, ಅವರ ಮಗ ಕರೆಯುವ ಹಾಗೆಯೇ, ಉಮ್ಮ ಎಂದು ಕರೆಯುತ್ತಿದ್ದೆ. ಆ ಮಗ ಹೆಂಡತಿಯ ಜೊತೆ ದುಬೈಯಲ್ಲಿದ್ದ. ಶುಕ್ರವಾರ ಅಲ್ಲಿ ರಜೆ. ಹಾಗಾಗಿ ಶುಕ್ರವಾರ ಮಧ್ಯಾಹ್ನ ನಾವಿಬ್ಬರೂ ಆ ಕಪ್ಪು ಫೋನಿನ ಎದುರು ಕೂತು ಬಾಯಿಗೆ ಬಂದದ್ದು ಮಾತಾಡುತ್ತಿದ್ದೆವು, ಕಿವಿ ಮಾತ್ರ ಅದರ ಮೇಲೆ.

ನನ್ನ ಮಗ ಹುಟ್ಟುವ ಸ್ವಲ್ಪ ಮೊದಲು ಉಮ್ಮನಿಗೂ ದುಬೈಯಲ್ಲಿ ಮೊಮ್ಮಗ ಹುಟ್ಟಿದ್ದ. ಸುದ್ದಿ ಬಂದದ್ದು ಫೋನಿನಲ್ಲಿ, ಹೆಸರು ಬಂದದ್ದೂ ಫೋನಿನಲ್ಲಿ. ಅಲ್ಲಿಯೇ ಹೆಸರಿಟ್ಟು, ಅದನ್ನೇ ತುಂಡು ಮಾಡಿ ಶಾನು ಎಂದು ಕರೆಯಲು ಶುರುಮಾಡಿಯೂ ಆಗಿತ್ತು. ಉಮ್ಮ ಅವನಿಗೆ ಮೋನು ಎಂಬ ಹೆಸರು ಇಟ್ಟುಕೊಂಡು ಕೂತಿದ್ದರು. ಬ್ಯಾರಿ ಮನೆಗಳಲ್ಲಿ ಮುದ್ದಿನ ಗಂಡುಮಗುವಿಗೆ ಹಾಗೆ ಕರೆಯುವುದುಂಟು. ಅವರ ಮಗನೂ ಶಾಲೆಗೆ ಸೇರುವ ತನಕ ಮೋನುವೇ ಆಗಿದ್ದನಂತೆ. ಕರೆಯಲಿಕ್ಕೆ ಮೊಮ್ಮಗ ಹತ್ತಿರ ಇಲ್ಲದೆ ಆ ಹೆಸರು ನನ್ನ ಮಗನಿಗೆ ಬಂತು. ಎಣ್ಣೆ ಕಾಯಿಸಿ ತಂದು, ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿ ತಿಕ್ಕುತ್ತಾ “ಮೋನು, ಓ ಮೋನು” ಎನ್ನುವರು. ಫೋನು ಬಂದಾಗ ರಿಸೀವರನ್ನು ಅವನ ಬಾಯಿಯ ಹತ್ತಿರ ಹಿಡಿದು “ಮೋನು, ಅಪ್ಪನಿಗೆ ಒಮ್ಮೆ ಕೂಗಿ ಕೇಳಿಸು” ಎನ್ನುವರು. ನಮ್ಮವರು ಮಗನ ಮುಖ ನೋಡುವ ಮೊದಲು ಕೇಳಿದ್ದು ಅವನ ಅಳು ಮತ್ತು ಆ ಹೆಸರು.

ನಾಮಕರಣದ ಮಾತು ಬಂದಾಗ ಅವರು ಮಸ್ಕತ್ತಿನಿಂದ ಹಟ ಹಿಡಿದರು. “ನೀವು ಏನು ಬೇಕಾದರೂ ಇಡಿ, ಆದರೆ ಅದರೊಳಗೆ ಮೋನು ಇರಬೇಕು. ಬೇರೆ ಹೆಸರಿನಲ್ಲಿ ಅವನನ್ನು ನೆನೆಸಲಿಕ್ಕೇ ಆಗುವುದಿಲ್ಲ ಮಾರಾಯ್ತಿ.” ಬೆಳುವಾಯಿಯಿಂದ ಬಂದಿದ್ದ ಅತ್ತೆಗೆ ನಾನು ಮೋಹನ ಎಂದು ಸೂಚಿಸಿದೆ. ಅತ್ತೆ ಕೆನ್ನೆಗೆ ಕೈ ಇಟ್ಟುಕೊಂಡರು. ಅದು ಮಾವನ ಅಣ್ಣನ ಹೆಸರು, ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಅವರ ಕಾಲದಲ್ಲಿ ಇರಲಿಲ್ಲ. ಮೊಮ್ಮಗನನ್ನು ಜೀವಮಾನವಿಡೀ “ಏ ಇವನೇ” ಎಂದು ಕರೆಯಬೇಕಾ ಎಂದು ಕೇಳಿದರು. ಕೊನೆಗೆ ಮೋನಿಶ್ ಎಂದಾಯಿತು. ಅರ್ಥ ಯಾರಿಗೂ ಗೊತ್ತಿರಲಿಲ್ಲ, ಭಟ್ಟರೂ ತಕರಾರು ಮಾಡಲಿಲ್ಲ.

ತೊಟ್ಟಿಲಿಗೆ ಹಾಕಿದ ದಿನ ಉಮ್ಮ ಬಾಗಿಲ ಹತ್ತಿರ ಕೂತಿದ್ದರು. ಹೆಸರು ಕೇಳಿ ಎರಡು ಸಲ ಮೆಲ್ಲಗೆ ಹೇಳಿ ನೋಡಿಕೊಂಡು, “ನನ್ನದೂ ಒಳಗೆ ಉಂಟಲ್ಲ” ಎಂದರು. ಅಷ್ಟು ಖುಷಿಯಾಗಿದ್ದ ಅವರನ್ನು ನಾನು ಮತ್ತೆ ಕಂಡ ನೆನಪಿಲ್ಲ...

ಮಗನಿಗೆ ಮೂರು ದಾಟಿದಾಗ ದುಬೈಯವರು ಮೊದಲ ಸಲ ರಜೆಯಲ್ಲಿ ಬರುವುದೆಂದಾಯಿತು. ಉಮ್ಮ ಮನೆಗೆ ಸುಣ್ಣ ಹೊಡೆಸಿದರು. ಅವರು ಬರುವ ಹಿಂದಿನ ಸಂಜೆ ನಮ್ಮ ಜಗಲಿಗೆ ಬಂದು, ಸೆರಗಿನ ತುದಿ ಸುತ್ತುತ್ತಾ ತುಂಬ ಹೊತ್ತು ಕೂತರು.

“ಮಗಳೇ, ಅವರು ಇರುವಷ್ಟು ದಿವಸ ಆ ಹೆಸರು ನನಗೆ ವಾಪಸು ಬೇಕಿತ್ತು. ನಿನ್ನವನನ್ನು ಮೋನಿಶ್ ಅಂತಲೇ ಕರಿ, ಆಯ್ತಾ? ನನ್ನ ಮೊಮ್ಮಗನನ್ನು ಒಮ್ಮೆ ನನ್ನ ಬಾಯಿಯಿಂದ ಹಾಗೆ ಕರೆದು ನೋಡ್ತೇನೆ.”

ನಾನು ನಕ್ಕೆ. ಅವರು ನಗಲಿಲ್ಲ. “ಅದಕ್ಕೇನು ಉಮ್ಮ, ನಿಮ್ಮದೇ ಅಲ್ವಾ” ಎಂದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ನಾನು ಮೋನಿಶ್ ಎಂದು ಕರೆದರೆ ನನ್ನವನು ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡುತ್ತಿದ್ದ. ಆಚೆ ಜಗಲಿಯಿಂದ ಉಮ್ಮ “ಮೋನು, ಬಾ ತಿಂಡಿ ತಿನ್ನುವ” ಎಂದರೆ ಇವನು ಬಾಣದ ಹಾಗೆ ಹೊರಡುತ್ತಿದ್ದ, ನಾನು ಸೊಂಟಕ್ಕೆ ಕೈ ಹಾಕಿ ಹಿಡಿದು ಒಳಗೆ ಎಳೆಯುತ್ತಿದ್ದೆ. ಕರೆಸಿಕೊಳ್ಳಬೇಕಾದವನು ಮಾತ್ರ ಜಗಲಿಯ ಮೂಲೆಯಲ್ಲಿ ವಿಡಿಯೋ ಗೇಮ್ ಒತ್ತುತ್ತಾ ಕೂತಿರುತ್ತಿದ್ದ. ಕೆಟ್ಟ ಹುಡುಗನೇನಲ್ಲ. ತನ್ನದಲ್ಲದ ಹೆಸರಿಗೆ ಯಾರು ತಾನೇ ತಿರುಗುತ್ತಾರೆ?

ಒಂದು ಮಧ್ಯಾಹ್ನ ಅವನು ತಲೆ ಎತ್ತಿ, ಬಹಳ ಮರ್ಯಾದೆಯಿಂದಲೇ, “ನಾನು ಶಾನು” ಎಂದ. ನಾನು ಬಟ್ಟೆ ಒಣಹಾಕುತ್ತಿದ್ದೆ, ಕೇಳಿಸಿತು. “ಹೌದು, ಹೌದು. ನನಗೆ ಮರೆತುಹೋಯಿತು” ಎಂದರು ಉಮ್ಮ. ಆಮೇಲೆ ಅವನನ್ನು ಶಾನು ಎಂದೇ ಕರೆದರು. ನನ್ನವನನ್ನೂ ಮೋನು ಎನ್ನಲಿಲ್ಲ. ಆ ಹೆಸರು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತಾಯಿತು. ನನಗೆ ಎರಡು ಅಂಗಳವೂ ಖಾಲಿಯಾದ ಹಾಗೆ ಅನಿಸುತ್ತಿತ್ತು.

ಅವರು ಹೊರಟ ದಿನ ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೂ ಉಮ್ಮ ಗೇಟು ಹಿಡಿದು ನಿಂತಿದ್ದರು. ಕರೆಯಲಿಲ್ಲ, ಇತ್ತ ನೋಡಲೂ ಇಲ್ಲ. ನಾನು ಮಗನ ಕೈ ಬಿಟ್ಟೆ. ಅವನು ಓಡಿಹೋಗಿ ಅವರ ಎದುರು ನಿಂತ.

ಉಮ್ಮ ಅವನನ್ನು ನೋಡಿದರು. “ನಿನ್ನ ಹೆಸರೇನು?” ಎಂದು ಕೇಳಿದರು, ಹೊಸಬನನ್ನು ಕೇಳುವ ಹಾಗೆ.

“ಮೋನು.”

ಅವರು ಗೇಟಿನ ಒಳಗಿನ ಮೆಟ್ಟಿಲ ಮೇಲೆ ಕೂತು ಅವನನ್ನು ಮಡಿಲಿಗೆ ಎಳೆದುಕೊಂಡರು. ನಾನೂ ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕೂತೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಉಮ್ಮನ ಮಗ ಆ ಮನೆ ಮಾರಿದ. ಉಮ್ಮ ಚಾರ್ಮಾಡಿಯಲ್ಲಿದ್ದ ಮಗಳ ಮನೆಗೆ ಹೋದರು. “ಬರ್ತೇನೆ ಮಗಳೇ, ಫೋನು ಮಾಡ್ತೇನೆ” ಎಂದಿದ್ದರು. ಆ ಹೊತ್ತಿಗೆ ನಮ್ಮವರು ಮಸ್ಕತ್ತು ಬಿಟ್ಟು ಬಂದಿದ್ದರು, ನಮ್ಮ ಮನೆಗೂ ಫೋನು ಬಂದಿತ್ತು. ಕೆಲವು ಸಲ ಮಾಡಿದರು, ಮೋನು ಇದ್ದಾನಾ ಎಂದು ಕೇಳಲಿಕ್ಕೆ. ಅವನು ಕ್ರಿಕೆಟಿಗೆ ಹೋಗಿರುತ್ತಿದ್ದ... ಅವರು ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಮಣ್ಣು ಮಾಡಿದ ಮೇಲೆ.

ಅದೇ ಮೋನು ಈಗ ತಂದೆ. ಮೂಡುಬಿದಿರೆಯಲ್ಲಿ ಅಂಗಡಿ ಇಟ್ಟಿದ್ದಾನೆ, ಊರಿಗೆಲ್ಲ ಮೋನಿಶಣ್ಣ. ಅವನ ಮಗಳ ಹೆಸರು ನಮಗೆ ಮೊಬೈಲಿನಲ್ಲಿ ಬಂತು, ಎರಡೇ ಅಕ್ಷರದ್ದು. ಚೆಂದವೇ ಉಂಟು. ಮನೆಯಲ್ಲಿ ಏನು ಕರೆಯುವುದು ಎಂದು ಕೇಳಿದೆ. “ಹೆಸರೇ ಸಣ್ಣದುಂಟಲ್ಲ ಅಮ್ಮ, ಇನ್ನೊಂದು ಯಾಕೆ?” ಎಂದ. ನಾನೂ ಅವಳಿಗೆ ಒಂದು ಇಟ್ಟುಕೊಂಡಿದ್ದೆ. ಏನೆಂದು ಇಲ್ಲಿ ಬರೆಯಲು ಹೋಗುವುದಿಲ್ಲ.

ಎಣ್ಣೆ ಸೋಸಿ ಬಾಟಲಿಗೆ ತುಂಬುವಾಗ ಮಗನ ಫೋನು ಬಂತು. ಮಗುವಿನ ಮೈಗೆ ಎಣ್ಣೆ ಬೇಡವೆಂದು ಡಾಕ್ಟರರು ಹೇಳಿದ್ದಾರಂತೆ. ಆಯಿತು ಎಂದೆ. ಬಾಟಲಿಯ ಮುಚ್ಚಳ ಹಾಕಿ ಅಂಗಳಕ್ಕೆ ಇಳಿದೆ. ಆಚೆ ಮನೆಯ ಸುತ್ತ ಈಗ ಎತ್ತರದ ಗೋಡೆ, ಆ ಮೆಟ್ಟಿಲು ಕಾಣುವುದಿಲ್ಲ. ಕೈಗೆಲ್ಲ ಎಣ್ಣೆಯ ಪರಿಮಳ. “ಮೋನು” ಎಂದು ಒಮ್ಮೆ ಕರೆದೆ, ಅಷ್ಟೇನೂ ದೊಡ್ಡದಾಗಿ ಅಲ್ಲ.

“ಯಾರನ್ನು ಕರೆದದ್ದು?” ಎಂದು ನಮ್ಮವರು ಒಳಗಿನಿಂದ ಕೇಳಿದರು.

ಯಾರನ್ನೂ ಇಲ್ಲ ಎಂದೆ. ಓಡಿ ಬರುವವರಿಲ್ಲದ ಚಾರ್ಮಾಡಿಯಲ್ಲಿ ಉಮ್ಮ ಅಷ್ಟು ದಿವಸ ಆ ಹೆಸರನ್ನು ಹೇಗೆ ಬಾಯಲ್ಲಿ ಇಟ್ಟುಕೊಂಡಿದ್ದರೋ...