ಮರಿ ನೋಡಲು ಹೋದದ್ದು

ನನಗೆ ನಾಯಿಯೆಂದರೆ ಭಯ. ಇದನ್ನು ಮಕ್ಕಳಿಗೆ ಹೇಳಿರಲಿಲ್ಲ. ಅವರು ನಾಯಿಮರಿ ಕೇಳಿದಾಗಲೆಲ್ಲ ‘ಇನ್ನೂ ವಿಚಾರ ಮಾಡುತ್ತಿದ್ದೇನೆ’ ಎನ್ನುತ್ತಿದ್ದೆ. ಓದಿದವನಿಗೆ ಇದೊಂದು ಅನುಕೂಲ. ಅವನ ಪುಕ್ಕಲುತನವೂ ಅಧ್ಯಯನದಂತೆ ಕಾಣುತ್ತದೆ.

ಮರಿ ಬೇಕೆಂದು ಹಟ ಹಿಡಿದವಳು ಎಂಟು ವರ್ಷದ ಮಗಳು ಪ್ರಜ್ಞಾ. ಆದರೆ ನನ್ನ ಚಿಂತೆಯೆಲ್ಲ ಮೂರು ವರ್ಷದ ಮಗ ಮಿಲಿಂದನದು. ಕೈಗೆ ಸಿಕ್ಕದ್ದನ್ನೆಲ್ಲ ಜಗ್ಗುತ್ತಾನೆ. ಪರದೆ, ಅಜ್ಜಿಯ ತುರುಬು, ನನ್ನ ಕನ್ನಡಕ ಯಾವುದನ್ನೂ ಬಿಟ್ಟಿಲ್ಲ. ನಾಯಿಗೆ ಬಾಲವಿರುತ್ತದೆ. ಜಗ್ಗಿಸಿಕೊಂಡ ನಾಯಿ ಏನು ಮಾಡೀತು? ಊಟಕ್ಕೆ ಕುಳಿತರೂ ಇದೇ ಯೋಚನೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಕೂಲಿ ಮಾಡುವವರ ಮಗನಾಗಿ, ನಮ್ಮೂರು ಮೋರಖಂಡಿಯಿಂದ ಬಸವಕಲ್ಯಾಣಕ್ಕೆ ನಡೆದು ಬಂದು ಬಿ.ಎ. ಮಾಡಿದೆ. ಓದಿದರೆ ಎಲ್ಲವೂ ಬಗೆಹರಿಯುತ್ತದೆಂಬ ನಂಬಿಕೆ ಎಲುಬಿಗೇ ಇಳಿದಿದೆ. ಹಾಗಾಗಿ ನಾಯಿಗಳ ಬಗ್ಗೆಯೂ ಓದಿದೆ. ಲ್ಯಾಬ್ರಡಾರ್ ಸಾಧು, ಆದರೆ ನಮ್ಮ ಬಿಸಿಲಿಗೆ ಬಳಲುತ್ತದೆ. ಪಾಮೇರಿಯನ್ ಸಣ್ಣದು, ಆದರೆ ಸಿಡುಕು. ಮುಧೋಳ ನಾಯಿಗೆ ಓಡಲು ಹೊಲ ಬೇಕು, ನನಗಿರುವುದು ಎರಡು ಕೋಣೆ. ಮನುಷ್ಯರ ಜಾತಿ ಕೇಳುವವರನ್ನು ಕಂಡರೆ ಕೆರಳುವ ನಾನು ನಾಯಿಯ ಜಾತಿ, ಅದರ ತಂದೆತಾಯಿಯ ಜಾತಿಯನ್ನೆಲ್ಲ ವಿಚಾರಿಸತೊಡಗಿದ್ದೆ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ್ದಾರೆಂದು ಕಾಲೇಜಿನಲ್ಲಿ ಓದಿದ್ದೆ. ಆದರೆ ಆ ಕಾಳಿ ಮಕ್ಕಳ ಜೊತೆ ಹೇಗಿತ್ತೆಂದು ಶಾಸನದಲ್ಲಿ ಬರೆದಿಲ್ಲ.

ಕೊನೆಗೆ, ಹುಮನಾಬಾದಿನ ಶಾಂತಾಬಾಯಿ ಎಂಬವರ ಮನೆಯಲ್ಲಿ ಮರಿಗಳಿವೆ ಎಂದು ತಿಳಿದು ಮಕ್ಕಳೊಂದಿಗೆ ಬಸ್ಸು ಹತ್ತಿದೆ. ಹೋದವನೇ ಜಾತಿ ಕೇಳಿದೆ.

“ತಾಯಿ ಇಲ್ಲೇ ಅದಾಳ, ನೋಡ್ರಿ. ತಂದಿ ಹೆಸರು ಯಾರಿಗಿ ಗೊತ್ತ್ರಿ, ಸರ?” ಎಂದು ಆಕೆ ನಕ್ಕರು.

ಆಮೇಲೆ ಪ್ರಶ್ನೆಗಳೆಲ್ಲ ಅವರವೇ. ಹಗಲೆಲ್ಲ ಮನೆಯಲ್ಲಿ ಯಾರಿರುತ್ತಾರೆ? ಹುಡುಗ ಹೊಡೆಯುತ್ತಾನೆಯೇ? ಹೆಣ್ಣು ನೋಡಲು ಹೋಗಿ, ಮನೆಯವರಿಂದ ತಾನೇ ನೋಡಿಸಿಕೊಂಡ ಗಂಡಿನಂತಾಯಿತು ನನ್ನ ಪಾಡು. ಅಷ್ಟರಲ್ಲಿ ಮಿಲಿಂದ ನೆಟ್ಟಗೆ ತಾಯಿನಾಯಿಯ ಹತ್ತಿರ ಹೋಗಿ ಬಾಲಕ್ಕೆ ಕೈ ಹಾಕಿಯೇಬಿಟ್ಟ. ಅದು ಗಕ್ಕನೆ ಹೊರಳಿ ನೋಡಿತು. ಶಾಂತಾಬಾಯಿ ಅವನ ಮುಂಗೈ ಹಿಡಿದರು.

“ಜಗ್ಗಬಾರ್ದಪ್ಪ, ರಾಜಾ. ಅಕಿಗಿ ಬ್ಯಾನಿ ಆಗ್ತದ. ಹಿಂಗ ಸವರು.”

ಅವನು ಸವರಿದ. ನಾಯಿ ಅವನ ಅಂಗೈ ನೆಕ್ಕಿತು. ಶಾಂತಾಬಾಯಿ ತಿರುಗಿ ನನ್ನತ್ತ ನೋಡಿದರು. ನಾನು ಪಕ್ಕದ ಹೊರಸು ಮಂಚದ ಮೇಲೆ ಹತ್ತಿ ನಿಂತಿದ್ದೆ. ಮಗನನ್ನು ಎತ್ತಿಕೊಳ್ಳಬೇಕಾದವನು ನನ್ನನ್ನೇ ಎತ್ತಿಕೊಂಡಿದ್ದೆ.

“ಮಕ್ಕಳ ಫಿಕರ್ ಬಿಡ್ರಿ. ಫಿಕರ್ ಇರೋದು ನಿಮ್ದೇ. ನೀವ್ ಹಿಂಗ ಹೌಹಾರಿದ್ರ ಮರಿನೂ ಹೆದರ್ತದ. ಹೆದರಿದ್ ನಾಯಿನೇ ಕಡಿಯಾದು. ನಾಕ್ ಐತ್ವಾರ ಬಂದು ಸುಮ್ನ ಮರಿಗಳ ಬಾಜೂಕ ಕೂಡ್ರಿ. ಆಮ್ಯಾಲ ಕೊಡತೀನಿ.”

ವಾಪಸು ಬರುವಾಗ ಪ್ರಜ್ಞಾ ಕೇಳಿದಳು: “ಅಪ್ಪಾ, ನಿನಗ ನಾಯಿ ಅಂದ್ರ ಅಂಜಿಕಿ ಅದ?”

“ಹೌದವ್ವಾ, ಅದ” ಎಂದೆ. ಓದುವಾಗ ವಿದ್ಯಾರ್ಥಿವೇತನದ ಅರ್ಜಿಗೆ ಸಹಿ ಬೇಕಾಗಿ, ಊರ ಗೌಡರ ದೊಡ್ಡ ಮನೆಯ ಮುಂದೆ ಅವರ ನಾಯಿಗೆ ಹೆದರಿ ಇಡೀ ಮುಂಜಾನೆ ನಿಂತಿದ್ದ ಕಥೆ ಹೇಳಿದೆ. ಅವಳು ನಗಬಹುದು ಎಂದುಕೊಂಡಿದ್ದೆ.

“ಮೊದಲೇ ಹೇಳಬಾರ್ದಾ? ನಾ ನಿನ್ನ ಬಾಜೂಕ ನಿಂದರ್ತಿದ್ದೆ” ಎಂದಳು.

ಮೂರನೆಯ ಭಾನುವಾರ, ಕರಿಯ ಮರಿಯೊಂದು ತಾನಾಗಿ ಬಂದು ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಎದೆ ಡವಗುಟ್ಟುತ್ತಲೇ ಇತ್ತು. ಕಾಲು ಜೋಮು ಹಿಡಿಯಿತು. ಮಕ್ಕಳು ಬಸ್ಸಿನ ಹೊತ್ತಾಯಿತೆಂದು ಅಂಗಿ ಜಗ್ಗಿದರು. “ಗದ್ದಲ ಮಾಡಬ್ಯಾಡ್ರಿ, ಮಕ್ಕೊಂಡದ” ಎಂದು ಪಿಸುಗುಟ್ಟಿದೆ.

ಮಕ್ಕಳಿರುವ ಮನೆಗೆ ತಕ್ಕ ನಾಯಿ ಯಾವುದೋ ನನಗೆ ಇಂದಿಗೂ ಗೊತ್ತಿಲ್ಲ. ಇಷ್ಟು ಹೆದರಿದವನ ಕಾಲ ಮೇಲೆ ಇಷ್ಟು ನಿಶ್ಚಿಂತೆಯಿಂದ ಮಲಗಿದ ಜೀವ ಆ ಕರಿಯ ಮರಿಯೊಂದೇ. ಆ ದಿನದ ಬಸ್ಸು ನಮ್ಮನ್ನು ಬಿಟ್ಟು ಹೋಯಿತು.